ಗೋಡೆಯ ಮೇಲಿನ ಗೆರೆ

ಬೀದರಿನಲ್ಲಿ ಪಾಠ ಮಾಡುವವರಿಗೆ ಒಂದು ರೂಢಿ ತಾನಾಗಿ ಬಂದುಬಿಡುತ್ತದೆ: ಮಾತಿನ ನಡುವೆ ನಿಲ್ಲುವುದು. ಏರ್‌ಫೋರ್ಸ್ ನೆಲೆಯ ಕಡೆಯಿಂದ ವಿಮಾನ ಮೇಲೆದ್ದಿತೆಂದರೆ ಕಿಟಕಿಯ ಗಾಜು ಝಲ್ಲೆನ್ನುತ್ತದೆ. ಸೀಮೆಸುಣ್ಣ ಹಿಡಿದ ಕೈ ಹಲಗೆಯ ಮೇಲೆ ಹಾಗೇ ನಿಲ್ಲುತ್ತದೆ. ಸದ್ದು ದೂರದಲ್ಲಿ ಕರಗುವತನಕ ಇಡೀ ತರಗತಿ ಸುಮ್ಮನಿರುತ್ತದೆ. ಆಮೇಲೆ ನಿಲ್ಲಿಸಿದ ಪದದಿಂದಲೇ ಪಾಠ ಮುಂದುವರಿಯುತ್ತದೆ. ಇಲ್ಲಿನ ಹೆಣ್ಣುಮಕ್ಕಳ ಪದವಿಪೂರ್ವ ಕಾಲೇಜಿನಲ್ಲಿ ನಾನು 30 ವರ್ಷಕ್ಕೂ ಹೆಚ್ಚು ಕಾಲ ಭೌತಶಾಸ್ತ್ರ ಕಲಿಸಿದೆ. ಮೊದಲ ವರ್ಷಗಳಲ್ಲಿ ಕೇಳುತ್ತಿದ್ದದ್ದು ಕಿರಣ್ ವಿಮಾನದ ಸದ್ದು. 2008ರಲ್ಲಿ ಹಾಕ್ ಬಂತು. ಸದ್ದಿನಲ್ಲೇ ಯಾವ ವಿಮಾನವೆಂದು ಹೇಳುವಷ್ಟು ಹುಡುಗಿಯರ ಕಿವಿ ಪಳಗಿತ್ತು. ಆದರೆ ಅದನ್ನು ನಡೆಸುತ್ತಿರುವವರು ಯಾರು ಎಂದು ಒಬ್ಬಳೂ ಕೇಳಿದ್ದಿಲ್ಲ. ಕೇಳುವುದಕ್ಕೇನಿತ್ತು? ಮೇಲಿರುವವನು ಗಂಡಸೇ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ.

2016ರ ಜೂನ್ ತಿಂಗಳಲ್ಲಿ ಆ ಪ್ರಶ್ನೆ ಬಂತು. ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಎರಡನೇ ಪಿಯುಸಿಯ ಹುಡುಗಿ ಪತ್ರಿಕೆಯ ಪುಟವೊಂದನ್ನು ನಾಲ್ಕಾಗಿ ಮಡಚಿ ನೋಟ್‌ಬುಕ್ಕಿನಲ್ಲಿಟ್ಟು ತಂದಿದ್ದಳು. ಅದರಲ್ಲಿ ನೀಲಿ ಸಮವಸ್ತ್ರದ ಮೂವರು ಯುವತಿಯರ ಚಿತ್ರ. ಜೂನ್ 18ರಂದು ಹೈದರಾಬಾದ್ ಬಳಿಯ ದುಂಡಿಗಲ್ ವಾಯುಪಡೆ ಅಕಾಡೆಮಿಯಲ್ಲಿ ಅವರು ಯುದ್ಧವಿಮಾನ ವಿಭಾಗಕ್ಕೆ ಅಧಿಕಾರಿಗಳಾಗಿ ಸೇರಿದ್ದರು. ಭಾರತದಲ್ಲಿ ಅದೇ ಮೊದಲು.

"ಮೇಡಂ, ಈ ಮೂರೂ ಮಂದಿ ನಮ್ ಬೀದರಿಗಿ ಬರ್ತಾರಂತ್ರಿ, ಹಾಕ್ ಕಲೀಲಿಕ್ಕ. ಹಂಗಾದ್ರ ನಮ್ ತಲೀ ಮ್ಯಾಲ ಹೋಗೋ ವಿಮಾನದಾಗ ಹುಡುಗಿ ಇರಬಹುದೇನ್ರಿ?"

"ಇರಬಹುದು" ಅಂದೆ. ಮಧ್ಯಾಹ್ನ ಮತ್ತೆ ಗಾಜು ಝಲ್ಲೆಂದಾಗ ಮೂವತ್ತೆಂಟು ತಲೆಗಳು ಒಟ್ಟಿಗೆ ಕಿಟಕಿಯ ಕಡೆ ತಿರುಗಿದವು. ಆ ಮೂವರು ಇನ್ನೂ ಬೀದರಿಗೆ ಬಂದಿರಲಿಲ್ಲ. ಬಂದಿದ್ದರೂ ನೆಲದ ಮೇಲಿಂದ ನೋಡಿದವರಿಗೆ ಗುರುತು ಸಿಗುವ ಹಾಗಿಲ್ಲ. ಆದರೂ ಹುಡುಗಿಯರು ನೋಡಿದರು.

ಮೂವರು ಬಂದ ದಾರಿ

ಆ ಮೂವರಲ್ಲಿ ಅವನಿ ಚತುರ್ವೇದಿ ಮಧ್ಯಪ್ರದೇಶದವರು. ರಾಜಸ್ಥಾನದ ಬನಸ್ಥಲಿ ವಿದ್ಯಾಪೀಠದಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರು. ಬಿಹಾರದ ಭಾವನಾ ಕಾಂತ್ ಎಂಜಿನಿಯರಿಂಗ್ ಓದಿದ್ದು ನಮ್ಮ ಬೆಂಗಳೂರಿನ ಬಿ.ಎಂ.ಎಸ್. ಕಾಲೇಜಿನಲ್ಲಿ, ಮೆಡಿಕಲ್ ಎಲೆಕ್ಟ್ರಾನಿಕ್ಸ್. ರಾಜಸ್ಥಾನದ ಝುಂಝುನು ಜಿಲ್ಲೆಯ ಮೋಹನಾ ಸಿಂಗ್ ಅವರ ತಂದೆ ವಾಯುಪಡೆಯಲ್ಲೇ ಇದ್ದವರು. ಪುಟ್ಟ ಪಿಲಾಟಸ್ ವಿಮಾನದಲ್ಲಿ ಮೊದಲ ಹಂತ, ಹಕೀಂಪೇಟೆಯಲ್ಲಿ ಕಿರಣ್ ಜೆಟ್‌ನಲ್ಲಿ ಎರಡನೇ ಹಂತ, ಬೀದರಿನಲ್ಲಿ ಹಾಕ್ ಮೇಲೆ ಮೂರನೇ ಹಂತ. ಯುದ್ಧವಿಮಾನದ ಪೈಲಟ್ ಆಗುವ ಗಂಡಸರು ನಡೆದುಬಂದ ದಾರಿಯೂ ಇದೇ. ಹೆಣ್ಣೆಂದು ಒಂದು ಪರೀಕ್ಷೆಯನ್ನೂ ಸಡಿಲಿಸಿರಲಿಲ್ಲ.

2018ರ ಫೆಬ್ರವರಿ 19ರಂದು ಅವನಿ ಜಾಮ್‌ನಗರದಲ್ಲಿ ಮಿಗ್-21 ಬೈಸನ್ ವಿಮಾನವನ್ನು ಒಬ್ಬರೇ ಹಾರಿಸಿದರು. ಭಾರತದಲ್ಲಿ ಒಬ್ಬ ಮಹಿಳೆ ಯುದ್ಧವಿಮಾನವನ್ನು ಒಬ್ಬಳೇ ಹಾರಿಸಿದ್ದು ಅಂದೇ ಮೊದಲು. ಮಿಗ್-21 ನೆಲ ಮುಟ್ಟುವ ವೇಗ ಗಂಟೆಗೆ ಸುಮಾರು 340 ಕಿ.ಮೀ. ಒಬ್ಬರೇ ಕೂರುವ ವಿಮಾನವಾದ್ದರಿಂದ ತಪ್ಪಿದರೆ ಕೈಹಿಡಿಯಲು ಹಿಂದಿನ ಸೀಟಿನಲ್ಲಿ ಗುರುವಿರುವುದಿಲ್ಲ. ಮುಂದಿನ ವರ್ಷ ಮೇ ತಿಂಗಳಲ್ಲಿ ಭಾವನಾ ಅದೇ ವಿಮಾನದಲ್ಲಿ ಹಗಲಿನ ಯುದ್ಧ ಕಾರ್ಯಾಚರಣೆಗೆ ಅರ್ಹತೆ ಪಡೆದ ಮೊದಲ ಮಹಿಳೆಯಾದರು. 2023ರ ಜನವರಿಯಲ್ಲಿ ಅವನಿ ಸುಖೋಯ್-30ರ ಪೈಲಟ್ ಆಗಿ ಜಪಾನಿನ ಹ್ಯಾಕುರಿ ನೆಲೆಯ ಜಂಟಿ ಸಮರಾಭ್ಯಾಸಕ್ಕೆ ಹೋದರು. ಮೋಹನಾ 2024ರಲ್ಲಿ ತೇಜಸ್ ಹಾರಿಸುವ ಸ್ಕ್ವಾಡ್ರನ್ ಸೇರಿದರು. ತೇಜಸ್ ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ತಯಾರಾಗುವ ವಿಮಾನ.

ಮೂವರ ಹಿಂದೆಯೇ ಇನ್ನಷ್ಟು ಮಂದಿ ಬಂದರು. ವಾರಾಣಸಿಯ ಶಿವಾಂಗಿ ಸಿಂಗ್ ರಫೇಲ್ ಹಾರಿಸುತ್ತಾರೆ. ಚಿಕ್ಕಮಗಳೂರು ಜಿಲ್ಲೆಯ ಮರ್ಲೆ ಗ್ರಾಮದ ಮೇಘನಾ ಶಾನುಭೋಗ್ 2018ರಲ್ಲಿ ದುಂಡಿಗಲ್‌ನಿಂದ ಹೊರಬಂದಾಗ ದಕ್ಷಿಣ ಭಾರತದ ಮೊದಲ ಮಹಿಳಾ ಫೈಟರ್ ಪೈಲಟ್ ಎಂದು ಪತ್ರಿಕೆಗಳು ಬರೆದವು. ನನ್ನ ವಿದ್ಯಾರ್ಥಿನಿ ಮಡಚಿ ತಂದಿದ್ದ 2016ರ ಆ ಸುದ್ದಿಯೇ ಮೇಘನಾ ಅವರಿಗೂ ಪ್ರೇರಣೆಯಾಗಿತ್ತು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದಾಗ, ಆ ಕೊನೆಯ ಹಾರಾಟದಲ್ಲಿ ಸ್ಕ್ವಾಡ್ರನ್ ಲೀಡರ್ ಪ್ರಿಯಾ ಶರ್ಮಾ ಇದ್ದರು. ಅದೇ ವರ್ಷ ಜುಲೈನಲ್ಲಿ ನೌಕಾಪಡೆಯ ಆಸ್ಥಾ ಪೂನಿಯಾ ಆ ಪಡೆಯ ಫೈಟರ್ ವಿಭಾಗಕ್ಕೆ ಆಯ್ಕೆಯಾದ ಮೊದಲ ಮಹಿಳೆಯಾದರು.

ಇಪ್ಪತ್ತೆರಡು ವರ್ಷದ ಕಾಯುವಿಕೆ

ಹೆಣ್ಣುಮಕ್ಕಳು ವಾಯುಪಡೆಯಲ್ಲಿ ಹಾರಲು ಶುರುಮಾಡಿದ್ದು 2016ರಲ್ಲಿ ಅಲ್ಲ. 1994ರ ಸೆಪ್ಟೆಂಬರ್ 2ರಂದೇ ಹರಿತಾ ಕೌರ್ ಡಿಯೋಲ್ ಆವ್ರೋ ವಿಮಾನವನ್ನು ಒಬ್ಬರೇ ಹಾರಿಸಿದ್ದರು. 1999ರ ಕಾರ್ಗಿಲ್ ಯುದ್ಧದಲ್ಲಿ ಗುಂಜನ್ ಸಕ್ಸೇನಾ ಮತ್ತು ಶ್ರೀವಿದ್ಯಾ ರಾಜನ್ ಚೀತಾ ಹೆಲಿಕಾಪ್ಟರುಗಳನ್ನು ಯುದ್ಧಭೂಮಿಗೆ ಒಯ್ದಿದ್ದರು. ಗುಂಡು ಹಾರುವ ಕಣಿವೆಗೆ, ಆಯುಧವಿಲ್ಲದ ಪುಟ್ಟ ಹೆಲಿಕಾಪ್ಟರಿನಲ್ಲಿ ಹೋಗಬಹುದಿತ್ತು. ಆಯುಧವಿರುವ ಜೆಟ್ ಮಾತ್ರ ಕೊಡುತ್ತಿರಲಿಲ್ಲ.

ಶತ್ರುನೆಲದಲ್ಲಿ ಬಿದ್ದು ಸೆರೆಸಿಕ್ಕರೆ ಏನು ಗತಿ, ಮದುವೆ ಬಾಣಂತನದಲ್ಲಿ ಹಾರಾಟದ ಅಭ್ಯಾಸ ತಪ್ಪಿದರೆ ತರಬೇತಿಗೆ ಸುರಿದ ಹಣ ಏನಾಗಬೇಕು ಎಂಬವು ಆಗ ಕೇಳಿಬರುತ್ತಿದ್ದ ಕಾರಣಗಳು. 2015ರ ಅಕ್ಟೋಬರಿನಲ್ಲಿ ರಕ್ಷಣಾ ಸಚಿವಾಲಯ ಪ್ರಯೋಗವೆಂದು ಅನುಮತಿ ಕೊಟ್ಟಿತು. ಮೊದಲ ಕೆಲವು ವರ್ಷ ತಾಯ್ತನವನ್ನು ಮುಂದೂಡಿದರೆ ಒಳ್ಳೆಯದೆಂಬ ಸಲಹೆಯೂ ಜೊತೆಗಿತ್ತು. ತರಬೇತಿ ನಡುವೆ ಕಡಿಯಬಾರದೆಂಬ ಕಾರಣ ನನಗೆ ಅರ್ಥವಾಗುತ್ತದೆ. ಗಂಡಸರಿಗೆ ಇಂಥ ಸಲಹೆಯನ್ನು ಯಾರೂ ಕೊಡಬೇಕಾಗುವುದಿಲ್ಲ, ಏಕೆಂದರೆ ಅವರ ಮಗುವನ್ನು ಮನೆಯಲ್ಲಿ ಇನ್ನೊಬ್ಬರು ನೋಡಿಕೊಳ್ಳುತ್ತಾರೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. 2022ರಲ್ಲಿ ಆ ಪ್ರಯೋಗ ಶಾಶ್ವತ ಯೋಜನೆಯಾಯಿತು.

ಜಗತ್ತಿನ ಲೆಕ್ಕ ಹಿಡಿದರೆ ನಾವು ಮೊದಲಿಗರೂ ಅಲ್ಲ, ಕೊನೆಯವರೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಮರೀನಾ ರಸ್ಕೋವಾ ಎಂಬ ವಿಮಾನಚಾಲಕಿ ಸೋವಿಯತ್ ಒಕ್ಕೂಟದಲ್ಲಿ ಮಹಿಳೆಯರ ಮೂರು ರೆಜಿಮೆಂಟುಗಳನ್ನು ಕಟ್ಟಿದರು. ಅದರಲ್ಲೊಂದು ಯುದ್ಧವಿಮಾನದ್ದು. ಲಿಡಿಯಾ ಲಿಟ್‌ವ್ಯಾಕ್ ಅನೇಕ ಜರ್ಮನ್ ವಿಮಾನಗಳನ್ನು ಕೆಡವಿ, 1943ರ ಆಗಸ್ಟ್ 1ರಂದು ಹೋದವಳು ಮರಳಲಿಲ್ಲ. ಆಕೆಗೆ ಆಗ 21 ವರ್ಷ. ಯುದ್ಧ ಮುಗಿದ ಮೇಲೆ ಜಗತ್ತು ಇದನ್ನೆಲ್ಲ ಮರೆತಂತೆ ನಡೆದುಕೊಂಡಿತು. ಕೆನಡಾ 1989ರಲ್ಲಿ ಮಹಿಳೆಯರಿಗೆ ಸಿಎಫ್-18 ವಿಮಾನ ಕೊಟ್ಟಿತು. ಅಮೆರಿಕ 1993ರಲ್ಲಿ ಯುದ್ಧವಿಮಾನಗಳ ನಿರ್ಬಂಧ ತೆಗೆಯಿತು. ಪಾಕಿಸ್ತಾನದ ಆಯೆಶಾ ಫಾರೂಕ್ 2013ರಲ್ಲೇ ಯುದ್ಧಕ್ಕೆ ಅರ್ಹತೆ ಪಡೆದರು.

ಕೊಡ ತಿರುಗಿಸಿದ ಪಾಠ

ಹುಡುಗಿಯರ ಎರಡನೇ ಪ್ರಶ್ನೆ ದೇಹದ್ದಾಗಿತ್ತು. "ಹೆಣ್ಮಕ್ಕಳ ಮೈ ತಡಕೋತದೇನ್ರಿ ಅಷ್ಟು?" ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು. ಇದು ನನ್ನ ವಿಷಯ. ಮರುದಿನ ಒಂದು ಸಣ್ಣ ಕೊಡ, ಹಗ್ಗ ತರಿಸಿ ಅಂಗಳಕ್ಕೆ ಕರೆದುಕೊಂಡು ಹೋದೆ. ಕೊಡದಲ್ಲಿ ಅರ್ಧ ನೀರು ತುಂಬಿ, ಹಗ್ಗ ಕಟ್ಟಿ, ತಲೆಯ ಮೇಲಿಂದ ಗಿರ್ರನೆ ತಿರುಗಿಸಿದರೆ ಕೊಡ ಬೋರಲಾದಾಗಲೂ ನೀರು ಚೆಲ್ಲುವುದಿಲ್ಲ. ನೀರು ತಳಕ್ಕೆ ಒತ್ತಿಕೊಂಡಿರುತ್ತದೆ.

ಯುದ್ಧವಿಮಾನ ಬಿರುಸಾಗಿ ತಿರುವು ತೆಗೆದುಕೊಂಡಾಗ ಪೈಲಟ್ ಆ ಕೊಡವಿದ್ದಂತೆ, ಮೈಯಲ್ಲಿರುವ ರಕ್ತ ಆ ನೀರಿದ್ದಂತೆ. ಅದು ಕಾಲಿನ ಕಡೆ ಇಳಿಯುತ್ತದೆ. ನೆಲದ ಮೇಲೆ ನಾವೆಲ್ಲ ಅನುಭವಿಸುವ ತೂಕಕ್ಕೆ 1 ಜಿ ಎನ್ನುತ್ತಾರೆ. 7 ಜಿ ತಿರುವಿನಲ್ಲಿ 55 ಕಿಲೋ ತೂಕದ ಹುಡುಗಿ 385 ಕಿಲೋ ಆಗುತ್ತಾಳೆ. ಹತ್ತಿರ ಹತ್ತಿರ ನಾಲ್ಕು ಕ್ವಿಂಟಾಲ್ ತೊಗರಿಯ ಭಾರ. ಕೈ ಎತ್ತುವುದೇ ಕಷ್ಟ, ಕತ್ತು ತಿರುಗಿಸುವುದು ಇನ್ನೂ ಕಷ್ಟ. ಹಾಗಿದ್ದರೂ ಕತ್ತು ತಿರುಗಿಸಿ ಹಿಂದೆ ಯಾರಿದ್ದಾರೆಂದು ನೋಡಲೇಬೇಕು.

ಆಮೇಲೆ ಹಲಗೆಯ ಮೇಲೆ ಲೆಕ್ಕ ಮಾಡಿದೆವು. ಹೃದಯದಿಂದ ಮೆದುಳಿಗೆ ಸುಮಾರು 30 ಸೆಂ.ಮೀ. ಎತ್ತರ. ಅಷ್ಟು ಎತ್ತರಕ್ಕೆ ರಕ್ತ ಏರಿಸಲು ಸುಮಾರು 23 ಮಿ.ಮೀ. ಪಾದರಸದಷ್ಟು ಒತ್ತಡ ಬೇಕು. 5 ಜಿಯಲ್ಲಿ ಅದರ ಐದು ಪಟ್ಟು, ಅಂದರೆ 115. ಆರೋಗ್ಯವಂತರ ಹೃದಯ ರಕ್ತವನ್ನು ನೂಕುವುದು ಸುಮಾರು 120ರ ಒತ್ತಡದಲ್ಲಿ. ಹೀಗಾಗಿ ಅಭ್ಯಾಸವಿಲ್ಲದವರ ಮೆದುಳಿಗೆ 5 ಜಿ ಹೊತ್ತಿಗೆ ರಕ್ತ ತಲುಪುವುದೇ ನಿಲ್ಲುತ್ತಾ ಬರುತ್ತದೆ. ಮೊದಲು ಕಣ್ಣಿಗೆ ಬಣ್ಣಗಳು ಮಾಸುತ್ತವೆ, ನೋಟ ಕೊಳವೆಯಂತೆ ಕಿರಿದಾಗುತ್ತದೆ, ಕತ್ತಲಾಗುತ್ತದೆ, ಕೊನೆಗೆ ಪ್ರಜ್ಞೆ ಹೋಗುತ್ತದೆ. ಇದನ್ನು ತಡೆಯಲು ಪೈಲಟ್ ತೊಡುವ ಜಿ-ಸೂಟ್ ಕಾಲು ಹೊಟ್ಟೆಗಳನ್ನು ಗಾಳಿಚೀಲಗಳಿಂದ ಬಿಗಿಯಾಗಿ ಒತ್ತುತ್ತದೆ. ಪೈಲಟ್ ತಾನೂ ಮೀನಖಂಡ, ತೊಡೆ, ಹೊಟ್ಟೆಯ ಸ್ನಾಯುಗಳನ್ನು ಕಲ್ಲಿನಂತೆ ಬಿಗಿಹಿಡಿದು, ಉಸಿರು ಕಟ್ಟಿ, ಮೂರು ಸೆಕೆಂಡಿಗೊಮ್ಮೆ ಗಕ್ಕನೆ ಬಿಟ್ಟು ಎಳೆದುಕೊಳ್ಳಬೇಕು. ಇದು ಹುಟ್ಟಿನಿಂದ ಬರುವ ಬಲವಲ್ಲ, ಕಲಿತು ಬರುವ ವಿದ್ಯೆ. ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಮನುಷ್ಯರನ್ನು ಕೂರಿಸಿ ಗರಗರ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರವಿದೆ. ಪೈಲಟ್‌ಗಳು ಈ ವಿದ್ಯೆಯನ್ನು ಅಭ್ಯಾಸ ಮಾಡುವುದು ಅಲ್ಲಿ.

ಹಿಂದಿನ ಬೆಂಚಿನವಳೇ ಮತ್ತೆ ಎದ್ದಳು. ಹೃದಯ ಮೆದುಳುಗಳ ನಡುವಿನ ಎತ್ತರ 30ರ ಬದಲು 25 ಆದರೆ? ಅವಳೇ ಬಂದು ಲೆಕ್ಕ ಹಾಕಿದಳು. 5 ಜಿಯಲ್ಲಿ 115 ಬೇಕಾದ ಕಡೆ 96ರ ಸುಮಾರು ಸಾಕಾಯಿತು. "ಹಂಗಾದ್ರ ಗಿಡ್ಡ ಇದ್ದೋರಿಗೇ ಛಲೋ ಅಲ್ರಿ ಮೇಡಂ!" ಎಂದಳು. ತರಗತಿಯೆಲ್ಲ ಚಪ್ಪಾಳೆ ತಟ್ಟಿತು. ಆ ಲೆಕ್ಕ ಸರಿಯಾಗಿತ್ತು. 1986ರಲ್ಲಿ ಅಮೆರಿಕದ ವಾಯುಪಡೆಯ ಸಂಶೋಧಕರು ಸೆಂಟ್ರಿಫ್ಯೂಜಿನಲ್ಲಿ 102 ಮಹಿಳೆಯರನ್ನೂ 139 ಪುರುಷರನ್ನೂ ಹೋಲಿಸಿದಾಗ, ಜಿ ತಡೆಯುವ ಶಕ್ತಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮೂವತ್ತು ವರ್ಷ ಮೊದಲೇ ಉತ್ತರ ಸಿಕ್ಕಿದ್ದ ಪ್ರಶ್ನೆಯನ್ನು ನನ್ನ ಹುಡುಗಿಯರು 2016ರಲ್ಲಿ ಅಳುಕುತ್ತ ಕೇಳಿದ್ದರು. ಆ ಉತ್ತರ ಅಷ್ಟು ಕಾಲ ಅವರವರೆಗೆ ಬಂದಿರಲೇ ಇಲ್ಲ.

162.5

ಆದರೆ ಗಿಡ್ಡಗಿರುವವರಿಗೆ ಬೇರೊಂದು ತೊಡಕಿದೆ. ಅದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ವಾಯುಪಡೆಯ ಪೈಲಟ್ ಆಗಲು ಕನಿಷ್ಠ 162.5 ಸೆಂ.ಮೀ. ಎತ್ತರ ಬೇಕು. ಕಾಲಿನ ಉದ್ದ 99ರಿಂದ 120 ಸೆಂ.ಮೀ. ಒಳಗಿರಬೇಕು. ಕುಳಿತಾಗಿನ ಎತ್ತರ 81.5ರಿಂದ 96. ತೊಡೆಯ ಉದ್ದ 64 ಮೀರಬಾರದು. ಕಾಲು ಗಿಡ್ಡವಾದರೆ ಪೆಡಲು ಎಟಕುವುದಿಲ್ಲ. ತೊಡೆ ಉದ್ದವಾದರೆ ಅಪಾಯದಲ್ಲಿ ಸೀಟು ಸಮೇತ ಹೊರಗೆ ಚಿಮ್ಮುವಾಗ ಮಂಡಿ ಮುಂದಿನ ಫಲಕಕ್ಕೆ ತಾಗಬಹುದು. ಇದರಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ, ಅಳತೆ ಒಂದೇ. ಭಾರತದ ಹೆಂಗಸರ ಸರಾಸರಿ ಎತ್ತರ 152 ಸೆಂ.ಮೀ. ಆಸುಪಾಸಿನದು. ಅಳತೆ ಒಂದೇ ಆದರೂ ಅದು ಯಾರನ್ನು ಹೆಚ್ಚು ಸೋಸುತ್ತದೆಂದು ಹೇಳಬೇಕಾಗಿಲ್ಲ.

ವಿಮಾನದ ಕಾಕ್‌ಪಿಟ್ ಯಾರ ಮೈಗೆ ಹೊಲಿದ ಅಂಗಿ ಎಂಬುದಕ್ಕೂ ಒಂದು ಕಥೆಯಿದೆ. 1950ರಲ್ಲಿ ಅಮೆರಿಕದ ವಾಯುಪಡೆ ನಾಲ್ಕು ಸಾವಿರಕ್ಕೂ ಹೆಚ್ಚು ಪೈಲಟ್‌ಗಳ ಮೈ ಅಳೆಯಿತು. ಎಲ್ಲರೂ ಗಂಡಸರೇ. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವ ಸಂಶೋಧಕ ಮುಖ್ಯವಾದ ಹತ್ತು ಅಳತೆಗಳನ್ನು ತೆಗೆದುಕೊಂಡು, ಹತ್ತರಲ್ಲೂ ಸರಾಸರಿಯ ಆಸುಪಾಸಿನಲ್ಲಿರುವವರು ಎಷ್ಟು ಮಂದಿ ಎಂದು ಹುಡುಕಿದರು. ಒಬ್ಬನೂ ಸಿಗಲಿಲ್ಲ. ಸರಾಸರಿ ಮನುಷ್ಯನಿಗೆಂದು ಮಾಡಿದ ಕಾಕ್‌ಪಿಟ್ ಯಾರಿಗೂ ಸರಿಹೊಂದುತ್ತಿರಲಿಲ್ಲ. ಮೇಲೆ ಕೆಳಗೆ ಸರಿಯುವ ಸೀಟು, ಹಿಂದೆ ಮುಂದೆ ಜರುಗುವ ಪೆಡಲುಗಳಿಗೆ ಹೆಚ್ಚು ಮಹತ್ವ ಬಂದದ್ದು ಆಮೇಲೆ. ಗಂಡಸರಿಗಾಗಿ ಬಂದ ಆ ಸೌಕರ್ಯವೇ ಮುಂದೆ ಹೆಣ್ಣುಮಕ್ಕಳಿಗೂ ಜಾಗ ಮಾಡಿಕೊಟ್ಟಿತು.

ಆ ವಾರ ನಾನು ಪ್ರಯೋಗಾಲಯದ ಗೋಡೆಗೆ ಅಳತೆಪಟ್ಟಿ ಹಿಡಿದು, 162.5ಕ್ಕೆ ನೀಲಿ ಬಣ್ಣದಲ್ಲಿ ಒಂದು ಗೆರೆ ಎಳೆದೆ. ಮೂವತ್ತೆಂಟು ಹುಡುಗಿಯರಲ್ಲಿ ಗೆರೆ ಮುಟ್ಟಿದವರು ನಾಲ್ವರು. ಪತ್ರಿಕೆ ತಂದವಳು 163. ಗೋಡೆಗೆ ಬೆನ್ನು ಹಚ್ಚಿ ಉಸಿರು ಬಿಗಿಹಿಡಿದು ನಿಂತಿದ್ದ ಅವಳ ಮುಖ ಇಂದಿಗೂ ನನ್ನ ಕಣ್ಣಮುಂದಿದೆ.

ಉಳಿದ ಮೂವತ್ತನಾಲ್ಕು ಮಂದಿಯನ್ನು ನೋಡಿ ನನಗೆ ಅನ್ನಿಸಿದ್ದನ್ನು ಇಲ್ಲಿ ಹೇಳಬೇಕು. ಎತ್ತರ ಒಂದಿಷ್ಟು ವಂಶದ್ದು, ಒಂದಿಷ್ಟು ತಟ್ಟೆಯದು. ನಮ್ಮ ಕಡೆ ಹುಡುಗಿಯರಲ್ಲಿ ರಕ್ತಹೀನತೆ ಮನೆಮನೆಯ ಮಾತು. ಬೆಳಿಗ್ಗೆ ಬರಿಯ ಚಹಾ ಕುಡಿದು ಬಸ್ಸು ಹತ್ತಿ ಬಂದು, ಹನ್ನೊಂದು ಗಂಟೆಯ ಪ್ರಾಯೋಗಿಕ ತರಗತಿಯಲ್ಲಿ ತಲೆಸುತ್ತಿ ಕೂತವರನ್ನು ನಾನು ಲೆಕ್ಕವಿಲ್ಲದಷ್ಟು ಸಲ ಎಬ್ಬಿಸಿದ್ದೇನೆ. ಕಬ್ಬಿಣದ ಮಾತ್ರೆ ಕೊಟ್ಟರೆ ಕಸದ ಬುಟ್ಟಿಗೆ ಹಾಕುತ್ತಿದ್ದರು. ಗೆರೆ ಎಳೆದ ಮೇಲೆ ಮಾತ್ರೆ ನುಂಗುವವರು ಹೆಚ್ಚಾದರು.

ಮೇ ತಿಂಗಳ ಪಡಸಾಲೆ

ಯುದ್ಧವಿಮಾನದ ಬಾಗಿಲು 2015ರಲ್ಲಿ ತೆರೆಯಿತು, ನಿಜ. ಆದರೆ ಅದರ ಎದುರು ನಿಲ್ಲಬೇಕಾದರೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿರಬೇಕು. ಓದಬೇಕೋ ಬೇಡವೋ ಎಂಬುದು ದೆಹಲಿಯಲ್ಲಿ ತೀರ್ಮಾನವಾಗುವುದಿಲ್ಲ. ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಮನೆಯ ಪಡಸಾಲೆಯಲ್ಲಿ ತೀರ್ಮಾನವಾಗುತ್ತದೆ. ವಿಜ್ಞಾನದ ಕಾಲೇಜು ದೂರ, ಟ್ಯೂಷನ್ನಿಗೆ ದುಡ್ಡು, ಪ್ರಾಯೋಗಿಕ ತರಗತಿ ಮುಗಿಯುವಷ್ಟರಲ್ಲಿ ಕೊನೆಯ ಬಸ್ಸು ಹೋಗಿರುತ್ತದೆ. ಹುಡುಗಿಗೆ ಆಗ ಹದಿನಾರು ವರ್ಷ. ಕೆಟ್ಟ ಮನಸ್ಸಿನಿಂದ ಯಾರೂ ಏನೂ ಮಾಡಿರುವುದಿಲ್ಲ. ಅವಳ ಒಳ್ಳೆಯದಕ್ಕೆಂದೇ ಎಲ್ಲರೂ ಸೇರಿ ಗಣಿತ ಬಿಡಿಸುತ್ತಾರೆ. ತಾನು ಏನು ಬಿಟ್ಟೆ ಎಂಬುದು ಅವಳಿಗೂ ತಿಳಿಯುವುದಿಲ್ಲ. ನನ್ನನ್ನು 1978ರಲ್ಲಿ ವಿಜ್ಞಾನಕ್ಕೆ ಸೇರಿಸಿದ್ದು ಕಾಲೇಜು ನಮ್ಮ ಮನೆಯ ಎದುರಿಗೇ ಇದ್ದದ್ದರಿಂದ. ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಿದ್ದ ಗೆಳತಿಯ ಮನೆ ಎಂಟು ಕಿಲೋಮೀಟರ್ ದೂರವಿತ್ತು.

163 ಸೆಂ.ಮೀ. ಹುಡುಗಿಯ ತಾಯಿ ಒಂದು ದಿನ ಕಾಲೇಜಿಗೇ ಬಂದರು. "ನಮ್ ಪೋರಿಗಿ ಇದೆಲ್ಲ ಯಾಕ ತಲೀಗಿ ಹಾಕ್ತೀರಿ ಮೇಡಂ? ಬಿದ್ರ?"

ಸುಳ್ಳು ಸಮಾಧಾನ ಹೇಳಲು ನನಗಾಗಲಿಲ್ಲ. ಬೀಳುತ್ತಾರೆ. 2015ರ ನವೆಂಬರಿನಲ್ಲಿ ಪಾಕಿಸ್ತಾನದ ಮರಿಯಂ ಮುಖ್ತಿಯಾರ್ ಹಾಗೆ ತೀರಿಕೊಂಡಿದ್ದರು. ಮರುವರ್ಷದ ನವೆಂಬರಿನಲ್ಲಿ ಚೀನಾದ ಯು ಶು ತೀರಿಕೊಂಡರು. ಅಮೆರಿಕದ ನೌಕಾಪಡೆಯ ಕಾರಾ ಹಲ್ಟ್‌ಗ್ರೀನ್ 1994ರ ಅಕ್ಟೋಬರ್ 25ರಂದು ವಿಮಾನವಾಹಕ ನೌಕೆಗೆ ಇಳಿಯಲು ಬರುವಾಗ ಎಫ್-14ರ ಎಡ ಎಂಜಿನ್ ಕೈಕೊಟ್ಟಿತು, ಅವರು ಉಳಿಯಲಿಲ್ಲ. ಗಂಡಸೊಬ್ಬ ಹಾಗೆ ಬಿದ್ದಾಗ ಎಂಜಿನ್ನಿನ, ಹವೆಯ, ಅವನೊಬ್ಬನ ತಪ್ಪಿನ ಮಾತು ಬರುತ್ತದೆ. ಕಾರಾ ಬಿದ್ದಾಗ, ಹೆಂಗಸರಿಗೆ ಈ ಕೆಲಸ ಕೊಡಬೇಕಿತ್ತೇ ಎಂಬ ಚರ್ಚೆ ಎದ್ದಿತು. ಒಬ್ಬಳ ಕೊನೆಯ ಕೆಲವು ಸೆಕೆಂಡುಗಳನ್ನು ಹಿಡಿದು ಎಲ್ಲ ಹೆಂಗಸರ ಯೋಗ್ಯತೆಯನ್ನು ಅಳೆದರು. ಮೊದಲು ಹೋಗುವವರು ವಿಮಾನದ ಜೊತೆ ಈ ಭಾರವನ್ನೂ ಹೊತ್ತುಕೊಂಡು ಹಾರುತ್ತಾರೆ. ಅವರ ಧೈರ್ಯದ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಇದನ್ನು ತಿಳಿದ ಮೇಲೆ.

ತಾಯಿಗೆ ನಾನು ಹೇಳಿದ್ದು ಇಷ್ಟೇ: "ಬೀಳೋ ಭಯ ಖರೇ ಅದ. ಅವಳಿಗೂ ಗೊತ್ತಿರಲಿ. ಗೊತ್ತಿದ್ದೂ ಹೋಗ್ತೀನಿ ಅಂದ್ರ, ಅದು ಅವಳ ಮಾತು." ಅವರು ಬಹಳ ಹೊತ್ತು ಕೂತರು. ಹೋಗುವಾಗ ಗೋಡೆಯ ಗೆರೆ ಎಲ್ಲಿದೆ ತೋರಿಸಿ ಎಂದರು. ತೋರಿಸಿದೆ. ಸೆರಗು ಸರಿಪಡಿಸಿಕೊಂಡು ತಾವೂ ಅದರ ಪಕ್ಕ ನಿಂತು ನೋಡಿದರು. ಗೆರೆ ಅವರ ತಲೆಗಿಂತ ಒಂದು ಗೇಣು ಮೇಲಿತ್ತು.

ಮೈಸೂರಿನಿಂದ ಮರಳಿದವಳು

ಅವಳು ಬಿ.ಎಸ್ಸಿ. ಮುಗಿಸಿದಳು. ವಾಯುಪಡೆಯ ಪ್ರವೇಶ ಪರೀಕ್ಷೆಯಾದ ಎಎಫ್‌ಕ್ಯಾಟ್ ಬರೆದು ಪಾಸಾದಳು. ಪದವಿಯಲ್ಲಿ ಶೇ. 60 ಅಂಕ, 20ರಿಂದ 24ರೊಳಗಿನ ವಯಸ್ಸು ಅದಕ್ಕೆ ಬೇಕು. 2021ರಲ್ಲಿ ಮೈಸೂರಿನ ಆಯ್ಕೆ ಮಂಡಳಿಗೆ ಹೋದಳು. ಅಲ್ಲಿ ಕೆಲವು ದಿನ ಮನೋವಿಜ್ಞಾನದ ಪರೀಕ್ಷೆ, ಗುಂಪಿನಲ್ಲಿ ಮಾಡುವ ಕೆಲಸ, ಸಂದರ್ಶನ. ಪೈಲಟ್ ಆಗುವವರಿಗೆ ಕಂಪ್ಯೂಟರಿನ ಎದುರು ಇನ್ನೊಂದು ಪರೀಕ್ಷೆ ಇರುತ್ತದೆ. ಕೈ, ಕಾಲು, ಕಣ್ಣು, ಕಿವಿಗಳನ್ನು ಒಂದೇ ಹೊತ್ತಿಗೆ ದುಡಿಸಬೇಕು. ಅದರಲ್ಲಿ ಸೋತವರಿಗೆ ಜೀವಮಾನದಲ್ಲಿ ಎರಡನೇ ಅವಕಾಶವಿಲ್ಲ.

ಅವಳು ಅದರಲ್ಲಿ ಸೋತಳು. ರಾತ್ರಿ ರೈಲಿನಿಂದ ಫೋನು ಮಾಡಿ, "ಆಗಲಿಲ್ಲ ಮೇಡಂ" ಎಂದಷ್ಟೇ ಹೇಳಿ ಅತ್ತಳು. ನಾನೂ ಅತ್ತೆ. ಎರಡು ದಿನ ಬಿಟ್ಟು ಮನೆಗೆ ಬಂದಳು. ಆಗ ಅವಳು ಹೇಳಿದ ಮಾತಿಗಾಗಿಯೇ ನಾನು ಇದನ್ನೆಲ್ಲ ಬರೆಯಲು ಕೂತದ್ದು.

"ಅಲ್ಲಿ ಬಂದಿದ್ದ ಹುಡುಗ್ಯಾರು ಆರನೇ ಕ್ಲಾಸಿನಿಂದ ತಯಾರಿ ಮಾಡ್ಯಾರ್ರಿ ಮೇಡಂ. ಒಬ್ಬಾಕಿ ಅಪ್ಪ ಏರ್‌ಫೋರ್ಸು. ಒಬ್ಬಾಕಿ ಎನ್‌ಸಿಸಿ ಏರ್ ವಿಂಗ್‌ನಾಗ ಗ್ಲೈಡರ್ ಹಾರಿಸ್ಯಾಳ. ನನಗ ಗೊತ್ತಾಗಿದ್ದೇ ಪಿಯುಸಿ ಎರಡನೇ ವರ್ಷಕ್ಕ. ಏರ್‌ಫೋರ್ಸು ನಮ್ ಊರಾಗೇ ಅದ, ದಿನಾ ತಲೀ ಮ್ಯಾಲ ಹಾರ್ತದ. ಆದ್ರ ನನಗ ಯಾರೂ ಹೇಳಿದ್ದೇ ಇಲ್ಲ."

ಬೀದರಿನ ಜನ ವಿಮಾನ ಕಾಣದವರಲ್ಲ. ಒಂಬತ್ತು ವಿಮಾನಗಳು ಒಟ್ಟಿಗೆ ಹಾರುವ ಸೂರ್ಯಕಿರಣ ತಂಡ 1996ರಲ್ಲಿ ಕಟ್ಟಿಕೊಂಡದ್ದೇ ಇಲ್ಲಿ. ಅಂಗಳದಲ್ಲಿ ಹಪ್ಪಳ ಒಣಹಾಕುತ್ತ ತಲೆಯೆತ್ತಿ ನಾವು ನೋಡುವ ಪಲ್ಟಿಗಳನ್ನು ಬೇರೆ ಊರಿನವರು ಟಿಕೆಟ್ ಕೊಟ್ಟು ನೋಡುತ್ತಾರೆ. ಆದರೂ ಇಲ್ಲಿನ ಹುಡುಗಿಗೆ ಆ ವಿಮಾನಕ್ಕೂ ತನ್ನ ಗಣಿತದ ಪುಸ್ತಕಕ್ಕೂ ನಡುವಿನ ದಾರಿಯನ್ನು ಯಾರೂ ತೋರಿಸಿರಲಿಲ್ಲ. ತೋರಿಸಬೇಕಿದ್ದವರಲ್ಲಿ ನಾನೂ ಒಬ್ಬಳು.

ಈಗ ಆ ದಾರಿ ಇನ್ನಷ್ಟು ಬೇಗ ಶುರುವಾಗುತ್ತದೆ. 2021ರ ಸುಪ್ರೀಂ ಕೋರ್ಟ್ ಆದೇಶದ ನಂತರ ಪುಣೆ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಎನ್‌ಡಿಎ, ಹುಡುಗಿಯರಿಗೂ ತೆರೆದಿದೆ. 2025ರ ಮೇ 30ರಂದು ಅಲ್ಲಿಂದ 17 ಯುವತಿಯರ ಮೊದಲ ತಂಡ ಹೊರಬಂತು. ಪಿಯುಸಿ ಓದುತ್ತಿರುವಾಗಲೇ ಯುಪಿಎಸ್‌ಸಿ ನಡೆಸುವ ಪರೀಕ್ಷೆ ಬರೆಯಬಹುದು, ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಆದರೆ ಆರಂಭದ ಅಧಿಸೂಚನೆಗಳಲ್ಲಿ ವಾಯುಪಡೆಯ ಹಾರಾಟ ವಿಭಾಗದ 92 ಸ್ಥಾನಗಳಲ್ಲಿ ಹುಡುಗಿಯರಿಗೆ ಇದ್ದದ್ದು 2. ಇಡೀ ದೇಶಕ್ಕೆ ಎರಡು. ಅದು ಹೆಚ್ಚಬೇಕೆಂದು ನಾವು ಗಟ್ಟಿಯಾಗಿ ಕೇಳಬೇಕು. ಕೇಳುತ್ತಲೇ ಆ ಎರಡಕ್ಕೆ ನಮ್ಮ ಮಕ್ಕಳನ್ನೂ ಸಜ್ಜುಗೊಳಿಸಬೇಕು. ಮಗಳ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಕಾಯುತ್ತಿರುವ ಅಪ್ಪ ಅಮ್ಮ ಇದನ್ನು ಓದುತ್ತಿದ್ದರೆ, ನನ್ನದೊಂದು ಬೇಡಿಕೆ. ಅವಳು ಪೈಲಟ್ ಆಗದಿದ್ದರೂ ಸರಿ, ಗಣಿತ ಬಿಡಿಸುವ ಮೊದಲು ಅವಳನ್ನೊಮ್ಮೆ ಕೇಳಿ.

ನನ್ನ ವಿದ್ಯಾರ್ಥಿನಿ ಬಿ.ಇಡಿ. ಮಾಡಿ ಈಗ ಔರಾದ್ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಕಳೆದ ತಿಂಗಳು ಒಂದು ಫೋಟೋ ಕಳಿಸಿದ್ದಳು. ತರಗತಿಯ ಗೋಡೆಯ ಮೇಲೆ ನೀಲಿ ಗೆರೆ, ಪಕ್ಕದಲ್ಲಿ 162.5 ಎಂದು ಬರೆದಿದೆ. ಅದರ ಕೆಳಗೆ ಪೆನ್ಸಿಲಿನ ಸಣ್ಣ ಸಣ್ಣ ಗೆರೆಗಳು, ಪ್ರತಿಯೊಂದಕ್ಕೂ ಒಬ್ಬ ಹುಡುಗಿಯ ಹೆಸರು ಮತ್ತು ತಾರೀಖು. ಎಲ್ಲಕ್ಕಿಂತ ಮೇಲಿನ ಪೆನ್ಸಿಲ್ ಗೆರೆ ಆರನೇ ತರಗತಿಯವಳದು, 148. ಅವಳಿಗೆ ಇನ್ನೂ ಹನ್ನೊಂದು ವರ್ಷ.